ಪರ-ವಿರೋಧ: ಯುರೋಪಿನ ವ್ಯವಹಾರ ಪ್ರವಾಸಕ್ಕೆ ಬಿಸಿನೆಸ್ ಜೆಟ್ ಬೇಕೆ?

ಪರ: ಮೂರು ಊರು, ಒಂದು ಹಗಲು
(ಬೆಂಗಳೂರಿನಲ್ಲಿ ಖಾಸಗಿ ವಿಮಾನಗಳ ಪ್ರವಾಸ ಯೋಜಿಸುವವರು ಬರೆದದ್ದು)

ಬಿಸಿನೆಸ್ ಜೆಟ್ ಎಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಮೆತ್ತನೆಯ ಸೋಫಾ, ಷಾಂಪೇನು ಮತ್ತು ಮದುವೆಗೆ ಹೊರಟ ಸಿನಿಮಾ ತಾರೆಯರು. ಹದಿನಾಲ್ಕು ವರ್ಷಗಳಿಂದ ಇಂಥ ವಿಮಾನಗಳ ಪ್ರವಾಸ ಯೋಜಿಸಿಕೊಡುವುದೇ ನನ್ನ ಹೊಟ್ಟೆಪಾಡಾಗಿರುವುದರಿಂದ, ನನ್ನ ಮೇಜಿಗೆ ಬರುವ ಕೋರಿಕೆಗಳಲ್ಲಿ ಹೆಚ್ಚಿನವು ಗೇರ್‌ಬಾಕ್ಸು, ಎರಕದ ಅಚ್ಚು, ಪಂಪು, ವಾಲ್ವುಗಳಿಗೆ ಸಂಬಂಧಿಸಿದವು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೋಗುವುದು ಹೇಗೆಂದು ಯಾರಾದರೂ ಕೇಳಿದರೆ ರೈಲು ಹತ್ತಿ ಎಂದೇ ಹೇಳುವವನು ನಾನು. ನನ್ನ ವಾದವಿರುವುದು ರೈಲು ನೆಟ್ಟಗೆ ಹೋಗದ, ದೊಡ್ಡ ವಿಮಾನ ಸಂಸ್ಥೆಗಳು ಅಪರೂಪಕ್ಕೆ ತಿರುಗಿ ನೋಡುವ ಊರುಗಳ ಬಗ್ಗೆ. ಯುರೋಪಿನ ಕಾರ್ಖಾನೆಗಳಲ್ಲಿ ಬಹುಪಾಲು ಇರುವುದು ಅಂಥ ಊರುಗಳಲ್ಲೇ.

ಕೆಲವು ವರ್ಷಗಳ ಹಿಂದೆ, ಒಂದು ಜೂನ್ ತಿಂಗಳಲ್ಲಿ, ಬೆಳಗಾವಿಯ ಫೌಂಡ್ರಿ ಮಾಲೀಕರೊಬ್ಬರು ಮೂರು ಊರುಗಳ ಪಟ್ಟಿ ಹಿಡಿದು ಬಂದರು. ಮೊದಲನೆಯದು ಜರ್ಮನಿಯ ಫ್ರೀಡ್ರಿಕ್ಸ್‌ಹಾಫೆನ್. 1900ರಲ್ಲಿ ಕೌಂಟ್ ಜೆಪೆಲಿನ್ನರ ಮೊದಲ ವಾಯುನೌಕೆ ಮೇಲೇರಿದ ಕೆರೆಯಂಚಿನ ಊರು, ಆ ನೌಕೆಗಳಿಗೆ ಗೇರು ಮಾಡಲು 1915ರಲ್ಲಿ ಹುಟ್ಟಿದ ಕಂಪನಿ ಇಂದಿಗೂ ಅಲ್ಲಿಯೇ ಇದೆ. ಎರಡನೆಯದು ಲೋಹದ ಕೆಲಸಕ್ಕೆ ಹೆಸರಾದ ಇಟಲಿಯ ಬ್ರೆಷಾ. ಮೂರನೆಯದು ಆಸ್ಟ್ರಿಯಾದ ಲಿಂಟ್ಸ್. ಇಂದು ಜಗತ್ತಿನ ಉಕ್ಕಿನ ಹೆಚ್ಚಿನ ಪಾಲನ್ನು ತಯಾರಿಸುವ ಆಮ್ಲಜನಕ ವಿಧಾನ 1952ರಲ್ಲಿ ಕಾರ್ಖಾನೆಯ ಮಟ್ಟದಲ್ಲಿ ಶುರುವಾದದ್ದು ಅಲ್ಲಿ. ನಕ್ಷೆಯಲ್ಲಿ ಮೂರೂ ಹತ್ತಿರ ಹತ್ತಿರವೇ ಕಾಣುತ್ತವೆ, ಆದರೆ ನಡುವೆ ಆಲ್ಪ್ಸ್ ಪರ್ವತ ಅಡ್ಡ ಮಲಗಿದೆ. ಬ್ರೆಷಾದಿಂದ ಲಿಂಟ್ಸ್‌ಗೆ ರೈಲಿನಲ್ಲಿ ಹೋಗಬೇಕಾದರೆ ಬೆಟ್ಟ ಸುತ್ತಿಕೊಂಡು, ಗಾಡಿ ಬದಲಿಸಿಕೊಂಡು ಹಗಲಿಗೆ ಹಗಲೇ ಕಳೆಯಬೇಕು. ಸಣ್ಣ ಜೆಟ್ಟಿನಲ್ಲಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಮಾಲೀಕರು, ಅವರ ಮಗಳು ಮತ್ತು ಇಬ್ಬರು ಇಂಜಿನಿಯರುಗಳು ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಒಂದು ಸಭೆ, ಮಧ್ಯಾಹ್ನಕ್ಕೆ ಮೊದಲು ಇನ್ನೊಂದು, ಸಂಜೆ ಡ್ಯಾನ್ಯೂಬಿನ ದಡದಲ್ಲಿ ಮೂರನೆಯದನ್ನು ಮುಗಿಸಿ ಲಿಂಟ್ಸಿನಲ್ಲೇ ಮಲಗಿದರು. ಬೇರೆ ಯಾವ ದಾರಿಯಲ್ಲಿ ಹೋಗಿದ್ದರೂ ಇದಕ್ಕೆ ಮೂರು ದಿನ, ಮೂರು ಹೋಟೆಲು ಬೇಕಾಗುತ್ತಿತ್ತು.

ದುಡ್ಡಿದ್ದರೆ ಯಾರು ಬೇಕಾದರೂ ಹಾರಬಹುದು ಎನ್ನುವವರಿಗೆ ಯುರೋಪಿನ ಆಕಾಶದ ಶಿಸ್ತು ಗೊತ್ತಿಲ್ಲ. ಜಿನೀವಾದಂಥ ನಿಲ್ದಾಣಗಳಲ್ಲಿ ಇಳಿಯಲು ಮೊದಲೇ ಸ್ಲಾಟ್, ಅಂದರೆ ಗೊತ್ತುಮಾಡಿದ ಸಮಯ, ಪಡೆದಿರಬೇಕು, ಅನೇಕ ಸಣ್ಣ ನಿಲ್ದಾಣಗಳಲ್ಲಿ ಪಿಪಿಆರ್ ಎಂಬ ಪೂರ್ವಾನುಮತಿಯ ಸಂಖ್ಯೆ ಕೈಯಲ್ಲಿರಬೇಕು. ಪ್ಯಾರಿಸ್ಸಿನ ಲೆ ಬೂರ್ಜೆಯಲ್ಲಿ ರಾತ್ರಿ 10:15 ದಾಟಿದರೆ ಬೆಳಿಗ್ಗೆ 6ರವರೆಗೆ ಜೆಟ್ ಮೇಲೇರುವಂತಿಲ್ಲ. ಲಂಡನ್ ಸಿಟಿ ನಿಲ್ದಾಣಕ್ಕೆ 5.5 ಡಿಗ್ರಿಯ ಕಡಿದಾದ ಇಳಿಜಾರಿನಲ್ಲಿ ಇಳಿಯಬೇಕಾದ್ದರಿಂದ ಅದಕ್ಕೆಂದೇ ಒಪ್ಪಿಗೆ ಪಡೆದ ವಿಮಾನ ಮತ್ತು ತರಬೇತಿಯಾದ ಪೈಲಟ್ಟುಗಳೇ ಬೇಕು. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್ ಪಕ್ಕದ ಸಮೇಡನ್ ನಿಲ್ದಾಣ ಸಮುದ್ರ ಮಟ್ಟದಿಂದ 1,707 ಮೀಟರ್ ಎತ್ತರದ ಕಣಿವೆಯಲ್ಲಿರುವುದರಿಂದ ಅಲ್ಲಿಗೂ ಪೈಲಟ್ಟುಗಳಿಗೆ ಪ್ರತ್ಯೇಕ ಅರ್ಹತೆ ಬೇಕು. ಇವನ್ನೆಲ್ಲ ಪ್ರಯಾಣಿಕರ ತಲೆಗೆ ಹೋಗದಂತೆ ನೋಡಿಕೊಳ್ಳುವುದಕ್ಕೇ ನನ್ನಂಥವರಿಗೆ ಸಂಬಳ.

ಆ ಜೂನ್ ದಿನದ ಮಧ್ಯಾಹ್ನವನ್ನೇ ಹೇಳುತ್ತೇನೆ. ಬ್ರೆಷಾದಿಂದ ಅಲ್ಲಿಯ ಸಮಯ 1:30ಕ್ಕೆ ಹೊರಡಬೇಕಿತ್ತು. ಬೆಂಗಳೂರಿನಲ್ಲಿ ಆಗ ಸಂಜೆ 5. ನಾನು ಕಾಫಿ ಲೋಟ ಎತ್ತುವ ಹೊತ್ತಿಗೆ ಯುರೋಪಿನ ಆಕಾಶದ ಸಂಚಾರ ನೋಡಿಕೊಳ್ಳುವ ಬ್ರಸೆಲ್ಸ್‌ನ ಯುರೋಕಂಟ್ರೋಲ್‌ನಿಂದ ಸಂದೇಶ ಬಂತು: ಆಲ್ಪ್ಸ್ ಮೇಲೆ ಗುಡುಗು ಮೋಡ, ನಿಮ್ಮ ವಿಮಾನ ಮೇಲೇರಬೇಕಾದ ಸಮಯ 2:25. ಈ ಸಮಯಕ್ಕೆ ಐದು ನಿಮಿಷ ಮೊದಲು, ಹತ್ತು ನಿಮಿಷ ನಂತರ ಎಂಬ ಕಿಂಡಿಯಷ್ಟೇ ಇರುತ್ತದೆ. ತಪ್ಪಿದರೆ ಸಾಲಿನ ಕೊನೆಗೆ. 2:25 ಆದರೆ ಲಿಂಟ್ಸಿನ ಸಭೆ ಹೋದಂತೆಯೇ. ತಡ ಮಾಡುತ್ತಿದ್ದ ಆಕಾಶದ ವಲಯ ಮೇಲಿನ ಎತ್ತರದ್ದು ಎಂಬುದನ್ನು ನೋಡಿಕೊಂಡು, ಪೈಲಟ್ಟಿಗೆ ಫೋನು ಮಾಡಿ ಕೇಳಿ, ಸ್ವಲ್ಪ ಪೂರ್ವಕ್ಕೆ ಸರಿದು ಕೆಳಗಿನ ಮಟ್ಟದಲ್ಲಿ ಹಾರುವ ಹೊಸ ಫ್ಲೈಟ್ ಪ್ಲಾನ್ ಸಲ್ಲಿಸಿದೆ. ಕೆಳಗೆ ಹಾರಿದರೆ ಇಂಧನ ಹೆಚ್ಚು ಖರ್ಚಾಗುತ್ತದೆ, ಅದು ನಿಜ. ಏಳು ನಿಮಿಷದ ನಂತರ ಹೊಸ ಸಮಯ ಬಂತು: 1:50. ಲೋಟದ ಕಾಫಿ ಇನ್ನೂ ಬೆಚ್ಚಗಿತ್ತು. ನೂರೆಂಬತ್ತು ಜನ ಕುಳಿತ ವಿಮಾನಕ್ಕೆ ತಡವಾದಾಗ ನಾಲ್ವರ ಸಭೆಗೋಸ್ಕರ ಯಾರೂ ಹೀಗೆ ಒದ್ದಾಡುವುದಿಲ್ಲ.

ಬೆಂಗಳೂರಿನಿಂದಲೇ ಸ್ವಂತ ಜೆಟ್ಟಿನಲ್ಲಿ ಹೋಗಬೇಕೇ ಎಂದರೆ, ಎಲ್ಲರಿಗೂ ನಾನು ಹೌದೆನ್ನುವುದಿಲ್ಲ. 2025ರ ಏಪ್ರಿಲ್‌ನಿಂದ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ, ನಮ್ಮಲ್ಲಿ ನೋಂದಾಯಿಸಿದ ಜೆಟ್ಟುಗಳು ಪಶ್ಚಿಮಕ್ಕೆ ಹೋಗಲು ಅರಬ್ಬಿ ಸಮುದ್ರದ ದಾರಿಯನ್ನೇ ಹಿಡಿಯಬೇಕಾಗಿದೆ. ನಮ್ಮ ಚಾರ್ಟರ್ ಸಂಸ್ಥೆ ಬಾಡಿಗೆಗೆ ಹಾರಿಸಬೇಕಾದರೆ ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆಯಿಂದ, ಹೊರದೇಶದ ವಿಮಾನ ಸಂಸ್ಥೆಗಳಿಗೆ ಕೊಡುವ ಟಿಸಿಒ ಎಂಬ ಒಪ್ಪಿಗೆ ಪಡೆದಿರಬೇಕು, ಬ್ರಿಟನ್ನಿಗೆ ಬೇರೆಯದೇ ಬೇಕು, ಪಡೆದ ಮೇಲೂ ಯುರೋಪಿನೊಳಗಿನ ಎರಡು ಊರುಗಳ ನಡುವೆ ಹಣ ಪಡೆದು ಜನರನ್ನು ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದ್ದರಿಂದ ಫ್ರಾಂಕ್‌ಫರ್ಟಿಗೋ ಮ್ಯೂನಿಕ್ಕಿಗೋ ಎಲ್ಲರಂತೆ ನೇರ ವಿಮಾನದಲ್ಲಿ ಹೋಗಿ, ಅಲ್ಲಿಂದ ಮುಂದಕ್ಕೆ ಅಲ್ಲಿಯದೇ ಸಂಸ್ಥೆಯ ಸಣ್ಣ ಜೆಟ್ ಬಾಡಿಗೆಗೆ ಹಿಡಿಯಿರಿ ಎನ್ನುತ್ತೇನೆ. ಬೆಳಗಾವಿಯವರು ಮಾಡಿದ್ದೂ ಅದನ್ನೇ.

ಇನ್ನು ಹೊಗೆಯ ಮಾತು. ಜೆಟ್ಟಿಗೆ ಬೈಯುವವರು ಹೇಳುವಂತೆ ನಡೆದುಕೊಳ್ಳಬೇಕಾದರೆ ನಮ್ಮ ಉದ್ಯಮಿಗಳು ಎತ್ತಿನ ಗಾಡಿ ಕಟ್ಟಿಕೊಂಡು ಆಲ್ಪ್ಸಿನ ಬ್ರೆನರ್ ಕಣಿವೆದಾರಿ ಹತ್ತಬೇಕಾದೀತು. ಯುರೋಪಿನ ನಿಲ್ದಾಣಗಳಲ್ಲಿ ಮಾರುವ ಇಂಧನದಲ್ಲಿ 2025ರಿಂದ 2 ಪ್ರತಿಶತ, 2030ಕ್ಕೆ 6 ಪ್ರತಿಶತ ಸುಸ್ಥಿರ ಇಂಧನ ಬೆರೆತಿರಬೇಕೆಂಬ ಕಾನೂನು ಈಗಾಗಲೇ ಬಂದಿದೆ. ಅದರ ಪಾಡಿಗೆ ಅದು ಆಗುತ್ತದೆ. ಲಿಂಟ್ಸಿನಲ್ಲಿ ಆ ಸಂಜೆ ಮಾತಾದ ಆರ್ಡರಿನಿಂದ ಬೆಳಗಾವಿಯಲ್ಲಿ ಎರಡನೆಯ ಪಾಳಿ ಶುರುವಾಯಿತು ಎಂಬುದು ನನಗೆ ಗೊತ್ತಿರುವ ಲೆಕ್ಕ.

ವಿರೋಧ: ವೀಸಾ ಮಾತ್ರ ಜೆಟ್ಟಿನ ವೇಗದಲ್ಲಿ ಬರುವುದಿಲ್ಲ
(ಒಂದು ಖಾಸಗಿ ಕಂಪನಿಯ ನಿವೃತ್ತ ಹಣಕಾಸು ಅಧಿಕಾರಿ ಬರೆದದ್ದು)

ಈ ಬದಿಯಲ್ಲಿ ಬರೆಯಿರಿ ಎಂದು ನನಗೆ ಹೇಳಲಾಯಿತು, ಬರೆಯುತ್ತಿದ್ದೇನೆ. ಎದುರು ಲೇಖನವನ್ನು ಮೊದಲೇ ಓದಲು ಕೊಟ್ಟರು. ಕಾಫಿ ಆರುವ ಮೊದಲು ಆಲ್ಪ್ಸ್ ದಾಟಿಸಿದ ಕತೆ ಚೆನ್ನಾಗಿದೆ, ಆದರೆ ಮೂರು ಕಾರ್ಖಾನೆಗಳನ್ನು ಒಂದೇ ಹಗಲಿನಲ್ಲಿ ನೋಡಲೇಬೇಕೆಂದು ಬೆಳಗಾವಿಯವರಿಗೆ ಯಾವ ವೈದ್ಯರು ಹೇಳಿದ್ದರೋ ತಿಳಿಯಲಿಲ್ಲ.

ಅಂಕಿಅಂಶಗಳನ್ನು ಹೇಳುವುದು ನನ್ನ ಪಾಲಿನ ಕರ್ತವ್ಯ. ಜಗತ್ತಿನ ಖಾಸಗಿ ವಿಮಾನಗಳು 2023ರಲ್ಲಿ ಸುಮಾರು 1.56 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಉಗುಳಿದವೆಂದೂ, ಅವುಗಳ ಹಾರಾಟಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 500 ಕಿಲೋಮೀಟರಿಗಿಂತ ಕಡಿಮೆ ದೂರದವೆಂದೂ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಬ್ರೆಷಾದಿಂದ ಲಿಂಟ್ಸಿನ ಹಾರಾಟ ಆ ಅರ್ಧದೊಳಗೇ ಬರುತ್ತದೆ. ಎರಡೂವರೆ ಗಂಟೆಯೊಳಗೆ ರೈಲಿರುವ ಕಡೆ ಸಾಮಾನ್ಯ ವಿಮಾನ ಸೇವೆಯನ್ನು 2023ರಲ್ಲಿ ನಿಲ್ಲಿಸಿದ ಫ್ರಾನ್ಸ್, ಖಾಸಗಿ ಜೆಟ್ಟುಗಳನ್ನು ಮಾತ್ರ ಆ ನಿಯಮದಿಂದ ಹೊರಗಿಟ್ಟಿತು. 2025ರ ಮಾರ್ಚ್‌ನಿಂದ ಬಾಡಿಗೆ ಜೆಟ್ಟಿನ ಪ್ರತಿ ಪ್ರಯಾಣಿಕನ ಮೇಲೆ, ಯುರೋಪಿನೊಳಗಾದರೆ 420 ಯೂರೋ, ಬಹಳ ದೂರವಾದರೆ 2,100 ಯೂರೋ ತೆರಿಗೆ ಹಾಕಿದೆ. ಜೆಟ್ಟಿನಲ್ಲಿ ಕೂರುವವರಿಗೆ ಈ ತೆರಿಗೆ ಯಾವ ಲೆಕ್ಕ ಎಂದು ನೀವು ಕೇಳಬಹುದು. ಲೆಕ್ಕ ಬರೆಯುವವನ ಕಷ್ಟ ಬೇರೆಯೇ ಇದೆ.

ನಾನು ಅಂಥ ಪ್ರವಾಸಕ್ಕೆ ಹೋದದ್ದು ಒಂದೇ ಸಲ. ನಮ್ಮ ಚೇರ್ಮನ್ನರು, ನಾನು, ಕಾನೂನು ವಿಭಾಗದ ಒಬ್ಬ ಹುಡುಗ, ಇನ್ನೊಬ್ಬರು ನಿರ್ದೇಶಕರು. ಪ್ಯಾರಿಸ್ಸಿನಲ್ಲಿ ಎರಡು ದಿನದ ಕೆಲಸವಿತ್ತು, ಅಲ್ಲಿಂದ ಲಿಯೋನ್‌ಗೆ ಹೋಗಿ ಮರಳುವುದೆಂದು ಜೆಟ್ ಗೊತ್ತು ಮಾಡಿದ್ದರು. (ಪ್ಯಾರಿಸ್ಸಿನಿಂದ ಲಿಯೋನ್‌ಗೆ ರೈಲು ಎರಡು ಗಂಟೆಯದು, ಆದರೆ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ.) ಮೊದಲ ದಿನ ಸಂಜೆ ಊಟದ ಮೇಜಿನಲ್ಲಿ ಚೇರ್ಮನ್ನರಿಗೆ ಲಂಡನ್ನಿನಿಂದ ಫೋನು ಬಂತು. "ಹೇಗೂ ವಿಮಾನ ನಮ್ಮದೇ ಅಲ್ಲವೇನ್ರೀ, ನಾಳೆ ಬೆಳಿಗ್ಗೆ ಲಂಡನ್ನಿಗೆ ಹೋಗಿ ಮಧ್ಯಾಹ್ನದೊಳಗೆ ಬಂದುಬಿಡೋಣ, ಲಿಯೋನ್ ಆಮೇಲೆ" ಎಂದರು. ಬಾಡಿಗೆಯ ಜೆಟ್ಟು ಒಂದೇ ದಿನದಲ್ಲಿ ನಮ್ಮದಾಗಿತ್ತು.

ರಾತ್ರಿಯಿಡೀ ಫೋನುಗಳು ಓಡಾಡಿದವು. ಬ್ರಿಟನ್ನಿಗೆ ಹೊರಡುವ ಖಾಸಗಿ ವಿಮಾನದವರು ಪ್ರಯಾಣಿಕರ ವಿವರವನ್ನು ಹೊರಡುವುದಕ್ಕೆ ಮೊದಲೇ ಅಲ್ಲಿಯ ಗಡಿ ಇಲಾಖೆಗೆ ಕಳಿಸಬೇಕು, ಕಳಿಸಿದರು. ನಾಲ್ವರಿಗೂ ಬ್ರಿಟನ್ನಿನ ವೀಸಾ ಇತ್ತು. ಲೆ ಬೂರ್ಜೆಯಲ್ಲಿ ಪೊಲೀಸರು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದರು, ಲಂಡನ್ ಹತ್ತಿರದ ಫಾರ್ನ್‌ಬರೋದಲ್ಲಿ ಇಳಿದೆವು, ಚೇರ್ಮನ್ನರ ಮಾತು ಮುಗಿಯಿತು. ಹೊರಡುವ ಹೊತ್ತಿಗೆ ನಿಲ್ದಾಣದಲ್ಲಿ ವಿಮಾನದ ಕೆಲಸ ನೋಡಿಕೊಳ್ಳುವ ಹ್ಯಾಂಡ್ಲಿಂಗ್ ಏಜೆಂಟರ ಕಡೆಯ ಹುಡುಗಿ ನಮ್ಮ ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಾ ಕಾನೂನು ವಿಭಾಗದ ಹುಡುಗನದರ ಮೇಲೆ ಬೆರಳಿಟ್ಟು ನಿಂತಳು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಅವನ ಷೆಂಗೆನ್ ವೀಸಾದಲ್ಲಿ ಪ್ರವೇಶಗಳ ಸಂಖ್ಯೆ ಎಂಬಲ್ಲಿ 01 ಎಂದಿತ್ತು. ಫ್ರಾನ್ಸಿನೊಳಕ್ಕೆ ಬಂದದ್ದಕ್ಕೇ ಆ ಒಂದು ಮುಗಿದಿತ್ತು. ಬ್ರಿಟನ್ನು ಷೆಂಗೆನ್ನಿನ ಹೊರಗಿದೆ. ನಮ್ಮ ಮೂವರದು ಹಲವು ಪ್ರವೇಶಗಳ ವೀಸಾ ಆಗಿದ್ದರಿಂದ ಯಾರಿಗೂ ಹೊಳೆದಿರಲಿಲ್ಲ. ಬೇರೆಯವರ ಕಾಗದಗಳನ್ನೆಲ್ಲ ಕರಾರುವಾಕ್ಕಾಗಿ ಓದುವುದೇ ಕೆಲಸವಾಗಿದ್ದ ಆ ಹುಡುಗ ತನ್ನ ಕಾಗದವನ್ನೇ ಓದಿರಲಿಲ್ಲ. ಲಿಯೋನಿನ ಒಪ್ಪಂದದ ಕರಡು ಇದ್ದದ್ದು ಅವನ ಲ್ಯಾಪ್‌ಟಾಪಿನಲ್ಲಿ.

ಇದು ಜೆಟ್ಟಿನ ತಪ್ಪಲ್ಲ ಎಂದು ಎದುರಿನವರು ಹೇಳುತ್ತಾರೆ, ಒಪ್ಪುತ್ತೇನೆ. ಆದರೆ ಟಿಕೆಟ್ ಕೊಂಡು ಹೊರಟಿದ್ದರೆ ರಾತ್ರಿ ಊಟದ ಮೇಜಿನಲ್ಲಿ ದೇಶ ಬದಲಿಸುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಒಳ್ಳೆಯ ಯೋಜನೆಯನ್ನು ಕೆಡಿಸುವುದು ಸುಲಭವಾಗಿರುವುದೇ ಜೆಟ್ಟಿನ ದೊಡ್ಡ ದೋಷ ಎಂದು ನನಗನ್ನಿಸಿದೆ. ಈಗ ಷೆಂಗೆನ್ ಗಡಿಗಳಲ್ಲಿ ಮುದ್ರೆಯ ಬದಲು ಮುಖ, ಬೆರಳಚ್ಚುಗಳನ್ನು ದಾಖಲಿಸುವ ವ್ಯವಸ್ಥೆ 2025ರ ಅಕ್ಟೋಬರ್‌ನಿಂದ ಬಂದಿದೆಯಂತೆ. ಅದಕ್ಕೂ ಯಾವ ವಿಮಾನದಲ್ಲಿ ಬಂದಿರಿ ಎಂಬುದು ಮುಖ್ಯವಲ್ಲ.

ಹುಡುಗ ಅಲ್ಲಿಂದ ಹೀತ್ರೂಗೆ ಹೋಗಿ ಬೆಂಗಳೂರಿನ ನೇರ ವಿಮಾನ ಹಿಡಿದ. ನಾವು ಲಿಯೋನಿನಲ್ಲಿ ಕರಡಿಲ್ಲದೆ ಎರಡು ಗಂಟೆ ಕುಳಿತು, ಮರುದಿನ ಮತ್ತೆ ಬರುತ್ತೇವೆಂದು ಹೇಳಿ ಎದ್ದು ಬಂದೆವು. ಬಿಲ್ಲು ಬಂದಾಗ ಅದರಲ್ಲಿ ನಿಲುಗಡೆ, ಇಳಿಯುವ ಶುಲ್ಕ, ಪೈಲಟ್ಟುಗಳ ಹೆಚ್ಚುವರಿ ರಾತ್ರಿಯ ಹೋಟೆಲು, ವಿಮಾನ ತನ್ನ ಊರಿಗೆ ಖಾಲಿ ಮರಳಿದ ಹಾರಾಟ ಎಲ್ಲವೂ ಇದ್ದವು. ಹುಡುಗನ ಟಿಕೆಟ್ಟಿನ ದುಡ್ಡು ಬೇರೆಯೇ ಚೀಟಿಯಲ್ಲಿ ಬಂದಿತ್ತು, ಖಾಲಿ ಹಾರಾಟದ ಮೊತ್ತದ ಎದುರು ಅದು ಚಿಲ್ಲರೆ. ಆ ಎರಡನ್ನೂ ಒಂದೇ ತಲೆಬರಹದ ಕೆಳಗೆ ಹಾಕಬಹುದೇ ಎಂದು ಆಡಿಟರು ಕೇಳಿದರು. ನಾನು ಬೇರೆ ಬೇರೆ ಹಾಕಿ ಎಂದೆ.