ಜಡ್ಜಿಗೆ ಕಾರ್ಡ್ ಬಂದ್, ಆಸಾಮಿಗೆ ವಿಮಾನ

ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಜಡ್ಜ್ ಸಾಹೇಬರ ಕ್ರೆಡಿಟ್ ಕಾರ್ಡ್ ಬಂದ್ ಆದ ಸುದ್ದಿ ನೀವೂ ಓದಿರ್ತೀರಿ. ಇಸ್ರೇಲಿನ ನೆತನ್ಯಾಹು ಮೇಲೆ ವಾರಂಟ್ ಹೊರಡಿಸಿದ್ದೇ ತಪ್ಪಾತು. ಅಮೆರಿಕ ನಿರ್ಬಂಧ ಹೇರಿತು. ವಾರಂಟ್ ಇದ್ದಾತ ಆರಾಮ ದೇಶ ಸುತ್ತತಾನ, ಬರೆದಾತಗ ಒಂದು ಹೋಟೆಲ್ ರೂಮು ಬುಕ್ ಮಾಡೂದು ತ್ರಾಸು.

ಧಾರವಾಡದ ಕೋರ್ಟ್ ಕಂಪೌಂಡಿನಾಗ ಚಹಾ ಕುಡಿಯೋ ಯಾವ ಕಕ್ಷಿದಾರನ್ನ ಕೇಳಿದರೂ ವಾರಂಟಿನ ಕ್ರಮ ಬಾಯಿಪಾಠ. ಮೊದಲು ಸಮನ್ಸ್. ಆಮೇಲೆ ಜಾಮೀನುಸಹಿತ ವಾರಂಟ್, ಆಮೇಲೆ ಜಾಮೀನುರಹಿತ. ಅದೂ ‘ಆಸಾಮಿ ಸಿಕ್ಕಿಲ್ಲ’ ಅಂತ ಷರಾ ಹೊತ್ತು ವಾಪಸ್ ಬಂತೋ, ಉದ್ಘೋಷಣೆ: ಊರಾಗ ನಾಕು ಮಂದಿಗೆ ಕೇಳೋ ಹಂಗ ಓದಬೇಕು, ಮನಿ ಬಾಗಿಲಿಗೆ ಒಂದು ಪ್ರತಿ, ಕೋರ್ಟಿನ ಗೋಡೆಗೆ ಒಂದು ಪ್ರತಿ, ಕಮ್ಮೀತ ಕಮ್ಮಿ 30 ದಿನದ ಗಡುವು. ಅದಕ್ಕೂ ಜಗ್ಗದಿದ್ದರ ಆಸ್ತಿ ಜಪ್ತಿ. ಚೆಕ್ ಬೌನ್ಸ್ ಮಾಡಿದ ಮೆಣಸಿನಕಾಯಿ ದಲಾಲಿಗೇ ಇಷ್ಟೆಲ್ಲ ಉಪಚಾರ.

ಹೇಗ್‌ನಾಗ 18 ಜಡ್ಜು, ಹಿಡಿಯಾಕ ಒಬ್ಬ ಪೊಲೀಸನೂ ಇಲ್ಲ. ಆರೋಪಿ ಕಟಕಟೆಗೆ ಬರದೇ ವಿಚಾರಣೆ ನಡೆಸೋ ಹಂಗಿಲ್ಲ. ಹಿಡಿದು ಕೊಡಬೇಕಾದವರು ಸದಸ್ಯ ದೇಶಗಳು. ಈ ಕೋರ್ಟನ್ನ ಹುಟ್ಟಿಸಿದ ಒಪ್ಪಂದ, ಅಂದರ ರೋಮ್ ಶಾಸನದ 27ನೇ ಕಲಮಿನ ಪ್ರಕಾರ ರಾಷ್ಟ್ರಾಧ್ಯಕ್ಷರಿಗೂ ರಿಯಾಯ್ತಿ ಇಲ್ಲ. ಓದಾಕ ಭಾಳ ಚಂದ.

2024ರಾಗ ಇದೇ ಕೋರ್ಟಿನ ವಾರಂಟ್ ಹೊತ್ತ ಪುಟಿನ್ ಸದಸ್ಯ ದೇಶ ಮಂಗೋಲಿಯಾಕ್ಕೆ ಹೋದರು, ಗೌರವ ವಂದನೆ ಸಿಕ್ಕಿತು. 2025ರ ಏಪ್ರಿಲ್‌ನಾಗ ನೆತನ್ಯಾಹು ಹಂಗೇರಿಗೆ ಬಂದ ದಿನವೇ ಆ ದೇಶ ಕೋರ್ಟಿನ ಸದಸ್ಯತ್ವವನ್ನೇ ಬಿಡ್ತೀವಿ ಅಂತ ಸಾರಿತು. ಬೀಗರು ಬಂದರಂತ ಊರ ಪೊಲೀಸ್ ಠಾಣೆಯನ್ನೇ ಮುಚ್ಚಿಸಿದ ಹಂಗ. ವಾರಂಟ್ ಇದ್ದ ಸುಡಾನಿನ ಆಗಿನ ಅಧ್ಯಕ್ಷ ಬಶೀರ್ 2015ರಾಗ ದಿಲ್ಲಿಗೂ ಬಂದು ಉಂಡು ಹೋದ. ನಾವು ಸದಸ್ಯರೇ ಅಲ್ಲ ಬಿಡ್ರಿ, ಶಾಸನ ಒಪ್ಪೋ 1998ರ ಮತದಾನದಾಗೇ ತಟಸ್ಥ.

ಇಟಲಿದು ಮಾತ್ರ ರಸವತ್ತಾದ ಪ್ರಸಂಗ. ಶಾಸನ ಹುಟ್ಟಿದ್ದೇ ರೋಮಿನಾಗ. 2025ರ ಜನವರಿ 19ಕ್ಕೆ ಹೇಗ್‌ನ ವಾರಂಟ್ ಇದ್ದ ಲಿಬಿಯಾದ ಜೈಲು ಅಧಿಕಾರಿ ಅಲ್ ಮಸ್ರಿ ಇಟಲಿಯ ಟ್ಯೂರಿನ್‌ನಾಗ ಸಿಕ್ಕಿಬಿದ್ದ, ಫುಟ್ಬಾಲ್ ನೋಡಾಕ ಬಂದಿದ್ದನಂತ. ಶಭಾಷ್ ಪೊಲೀಸರೇ! ಆದರ ಕಾನೂನು ಸಚಿವಾಲಯಕ್ಕೆ ಮೊದಲೇ ತಿಳಿಸಿರಲಿಲ್ಲ, ಬಂಧನ ಕ್ರಮಬದ್ಧ ಅಲ್ಲ, ಬಿಡ್ರಿ ಅಂತು ಅಲ್ಲಿಯ ಕೋರ್ಟು. 21ಕ್ಕೆ ಬಿಡುಗಡೆ. ಟಿಕೆಟ್ಟಿನ ಖರ್ಚೂ ಹಾಕಲಿಲ್ಲ, ಸರಕಾರಿ ವಿಮಾನದಾಗೇ ಟ್ರಿಪೋಲಿಗೆ ಮುಟ್ಟಿಸಿ ಬಂದರು.

ಲಿಬಿಯಾದ ಮಿತಿಗಾ ಜೈಲಿನಾಗ ಕೊಲೆ, ಚಿತ್ರಹಿಂಸೆ, ಅತ್ಯಾಚಾರ, ಇವು ಆತನ ಮೇಲಿನ ಆರೋಪ. ಆ ಜೈಲಿನಿಂದ ಜೀವ ಉಳಿಸಿಕೊಂಡು ಬಂದವರು ಇಟಲಿಯಲ್ಲೇ ಅದಾರ. ಆ ವಿಮಾನ ಇಳಿದಾಗ ಜನ ಜೈಕಾರ ಹಾಕಿದ್ದನ್ನ ಅವರೂ ನೋಡಿರಬೇಕು. ಅವರ ಮುಂದ ನಿಂತು ‘ನ್ಯಾಯಾಲಯಕ್ಕೆ ನಮ್ಮ ಸಂಪೂರ್ಣ ಬೆಂಬಲ’ ಅನ್ನೋ ಹೇಳಿಕೆ ಓದಾಕ ಮಾರಿ ಬೇಕಲ್ರೀ. ಬೆಂಬಲ ಅಂದರ ಹೇಳಿಕೆ ಅಲ್ಲ, ವಿಮಾನ ನಿಲ್ದಾಣದಾಗ ಕೋಳ ಹಾಕೂದು.

ಅದೇನು ಆಗದ ಕೆಲಸವಲ್ಲ. 2025ರ ಮಾರ್ಚ್ 11ಕ್ಕೆ, ಹೇಗ್‌ನ ವಾರಂಟ್ ಇದ್ದ ಫಿಲಿಪ್ಪೀನ್ಸಿನ ಮಾಜಿ ಅಧ್ಯಕ್ಷ ಡುಟರ್ಟೆ ಮನಿಲಾದಾಗ ಇಳಿದರು, ಪೊಲೀಸರು ಹಿಡಿದರು, ಅದೇ ರಾತ್ರಿ ಹೇಗ್ ವಿಮಾನ ಹತ್ತಿಸಿದರು. ಫಿಲಿಪ್ಪೀನ್ಸ್ ಆಗ ಸದಸ್ಯ ದೇಶವೂ ಅಲ್ಲ, 2019ರಾಗೇ ಹೊರಬಿದ್ದಿತ್ತು. ಹೊರಗ ತಂದಿದ್ದು ಇದೇ ಡುಟರ್ಟೆ.