ಡೆಡ್ ಟೈಮ್ ಮಾತ್ರ ನ್ಯೂರಲ್ ನೆಟ್‌ವರ್ಕಿನ ಕೈಗೆ ಕೊಡಬೇಡಿ

ಡಿಸಿಯನ್ನು ಎಸಿ ಮಾಡುವ ಇನ್ವರ್ಟರಿನ ಸ್ವಿಚ್ಚಿಂಗನ್ನು, ಅಂದರೆ ಯಾವ ಸ್ವಿಚ್ಚು ಯಾವಾಗ ಆನ್, ಯಾವಾಗ ಆಫ್ ಎಂಬುದನ್ನು, ಪೂರ್ತಿ ನ್ಯೂರಲ್ ನೆಟ್‌ವರ್ಕಿಗೇ ಬಿಡಬಹುದು ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಮೂರು ಫೇಸಿನ ಸಾದಾ ಇನ್ವರ್ಟರಿನಲ್ಲಿ ಇರುವುದು 6 ಸ್ವಿಚ್ಚು, ಬಳಸಬಹುದಾದ ಜೋಡಣೆ 8. ಅಷ್ಟನ್ನೂ ಪ್ರತಿ ಸಲ ಲೆಕ್ಕ ಹಾಕಿ ಒಳ್ಳೆಯದನ್ನು ಆರಿಸುವುದು ಮಾಮೂಲಿ ಕಂಟ್ರೋಲರಿಗೂ ಕಷ್ಟವಲ್ಲ. ಅಲ್ಲಿ ಎಂಎಲ್ (ಮಷೀನ್ ಲರ್ನಿಂಗ್) ಸುಮ್ನೆ ಶೋಕಿ. ಪ್ರತಿ ಫೇಸಿಗೂ 5 ವೋಲ್ಟೇಜ್ ಹಂತ ಕೊಡುವ 5 ಲೆವೆಲ್ ಇನ್ವರ್ಟರಿಗೆ ಬನ್ನಿ, ಜೋಡಣೆ 125 ಆಗುತ್ತದೆ. ಎರಡು ಹೆಜ್ಜೆ ಮುಂದೆ ನೋಡಬೇಕೆಂದರೆ 15,625! ಕೆಲವೇ ಮೈಕ್ರೋಸೆಕೆಂಡಿನಲ್ಲಿ ಇಷ್ಟೆಲ್ಲ ಆಗಬೇಕಲ್ವಾ? ಮೊದಲೇ ಕಲಿತಿಟ್ಟ ನೆಟ್‌ವರ್ಕ್ ಕೆಲಸಕ್ಕೆ ಬರುವುದು ಇಲ್ಲೇ.

ಆದರೆ ಒಂದೇ ಲೆಗ್ಗಿನ (ಒಂದು ಫೇಸಿನ ಸ್ವಿಚ್ಚು ಜೋಡಿಯ) ಮೇಲಿನ, ಕೆಳಗಿನ ಸ್ವಿಚ್ಚು ಒಟ್ಟಿಗೆ ಆನ್ ಆದರೆ ಡಿಸಿ ನೇರ ಶಾರ್ಟ್. ನನ್ನ ಬೆಂಚಿನ ಮೇಲೆ ಒಮ್ಮೆ ಹೀಗಾಗಿ, ಟಪ್ ಅಂದಿದ್ದೇ ತಡ, ಸ್ವಿಚ್ಚಾಗಿ ಕೆಲಸ ಮಾಡುವ ಟ್ರಾನ್ಸಿಸ್ಟರ್, ಐಜಿಬಿಟಿ, ಸೀಳಿ ಹೋಗಿತ್ತು. ಹೀಗಾಗದಂತೆ ಒಂದು ಆಫ್ ಆಗಿ ಇನ್ನೊಂದು ಆನ್ ಆಗುವ ನಡುವೆ ಬಿಡುವ ಚಿಕ್ಕ ಅಂತರವೇ ಡೆಡ್ ಟೈಮ್. ಆ ಕಾವಲು ಸ್ವಿಚ್ಚಿಗೆ ಆನ್-ಆಫ್ ಸಂಕೇತ ಕೊಡುವ ಗೇಟ್ ಡ್ರೈವರಿನಲ್ಲೇ ಇರಲಿ.