ಕೆರೆ ಸುತ್ತ ಹಾದಿ ಬೇಕು, ಜೆಸಿಬಿ ಬೇಡ

ನಮ್ಮೂರ ಕೆರೆಯಿಂದ ಮೇಲಿನ ಬೆಟ್ಟದವರೆಗೆ ನಡೆಯೋಕೆ, ಸೈಕಲ್ ಹೊಡೆಯೋಕೆ ಹಾದಿ ಮಾಡೋಣ ಅಂತ ಊರಲ್ಲಿ ಮಾತು ಶುರುವಾಗಿದೆ. ಹೋಮ್‌ಸ್ಟೇ ನಡೆಸುವವರಿಗೆ ಬೇಕು. ತೋಟದವರಲ್ಲಿ ಅರ್ಧ ಜನಕ್ಕೆ ಬೇಡ. ಬೆಂಗಳೂರಿನಿಂದ ವಾಪಸ್ ಬಂದ ಹುಡುಗರಿಗೆ ನಾಳೆನೇ ಆಗಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಒಂದು ಸುತ್ತು ಜಟಾಪಟಿ ಆಗಿದೆ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನಗೆ ಹಾದಿ ಬೇಕು. ಬಹಳ ಬೇಕು. ಆದರೆ ಅದು ಮೊದಲು ನಮ್ಮೂರಿನವರ ಕಾಲಿಗೆ, ನಮ್ಮ ಮಕ್ಕಳ ಸೈಕಲ್ಲಿಗೆ ಬೇಕು. ಹೊರಗಿನವರು ಆಮೇಲೆ ಬರಲಿ. ಮತ್ತು ಅದನ್ನು ಕತ್ತಿ, ಗುದ್ದಲಿ, ಪಿಕಾಸಿ ಹಿಡಿದು, ಮುಚ್ಚಿಹೋದ ಹಳೇ ಕಾಲುಹಾದಿಗಳನ್ನೇ ಬಿಡಿಸಿ ಮಾಡಬೇಕು. ಯಂತ್ರ ತಂದು ಹೊಸದಾಗಿ ಬೆಟ್ಟ ಸೀಳಬಾರದು.

ಹಾದಿ ನಮಗೇನೂ ಹೊಸದಲ್ಲ. ನಮ್ಮ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಹಳ್ಳಿಗೆ ಹೋದರೂ ಮನೆಯಿಂದ ಮನೆಗೆ, ತೋಟದಿಂದ ಕೆರೆಗೆ, ಕೆರೆ ಏರಿ ದಾಟಿ ಬೆಟ್ಟಕ್ಕೆ ಒಂದೊಂದು ಒಳದಾರಿ ಇದ್ದೇ ಇದೆ. ಸೊಪ್ಪು ತರೋಕೆ, ದರಕು (ಉದುರಿದ ಒಣ ಎಲೆ) ಗುಡಿಸೋಕೆ, ಉಪ್ಪಾಗೆ ಹಣ್ಣು ಹೆಕ್ಕೋಕೆ, ಮುರುಗಲು ಹಣ್ಣಿಗೆ, ದನ ಹುಡುಕೋಕೆ, ಶಾಲೆಗೆ. ಹಳ್ಳ ಬಂದಲ್ಲಿ ಅಡಿಕೆ ಮರದ ಸಂಕ, ಬೇಲಿ ಬಂದಲ್ಲಿ ಜನ ದಾಟಿ ದನ ದಾಟದ ದಣಪೆ. ಈಗ ಎಲ್ಲರ ಮನೆ ಅಂಗಳಕ್ಕೂ ಬೈಕ್ ಬರುತ್ತದೆ, ಮಕ್ಕಳನ್ನು ಶಾಲೆ ವ್ಯಾನ್ ಹತ್ತಿಸಿಕೊಂಡು ಹೋಗುತ್ತದೆ. ಒಳ್ಳೆಯದೇ. ಆದರೆ ನಡೆಯುವವರಿಲ್ಲದೆ ಹಾದಿಗಳೆಲ್ಲ ಲಂಟಾನ, ಯುಪಟೋರಿಯಂ ಕಳೆಯೊಳಗೆ ಸೇರಿಹೋದವು. ಹೈಸ್ಕೂಲಿಗೆ ಹೋಗುವ ಎಷ್ಟೋ ಮಕ್ಕಳಿಗೆ ತಮ್ಮನೆ ತೋಟಕ್ಕೆ ಸೊಪ್ಪು ತರುವ ಬೆಟ್ಟ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿಲ್ಲ. ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನವರಿಗೆ ಕೊಟ್ಟ ಸೈಕಲ್ಲುಗಳು ಕೊಟ್ಟಿಗೆ ಮೂಲೆಯಲ್ಲಿ ಗಾಳಿ ಇಳಿದು ಕೂತಿವೆ. ಟಿಪ್ಪರ್ ಓಡಾಡುವ ಡಾಂಬರು ರಸ್ತೆಗೆ ಮಕ್ಕಳನ್ನು ಸೈಕಲ್ ಕೊಟ್ಟು ಕಳಿಸೋಕೆ ಯಾವ ತಾಯಿಗೆ ಧೈರ್ಯ ಬರುತ್ತದೆ ಹೇಳಿ?

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಸಾಲ್ಕಣಿ ಕಡೆಯ ಜನ ಕಾಡಿಗೆ ನಡೆದು ಹೋಗಿ ಮರ ಅಪ್ಪಿಕೊಂಡು ನಿಂತರು, ಅಪ್ಪಿಕೋ ಚಳವಳಿ ಹುಟ್ಟಿತು. ಅವರಿಗೆ ಆ ಕಾಡಿನ ಒಂದೊಂದು ತಿರುವೂ ಗೊತ್ತಿತ್ತು. ದಿನಾ ಓಡಾಡುವ ಜಾಗ ಅದು. ಎಲ್ಲಿ ಕೊಡಲಿ ಬಿತ್ತು ಅಂತ ಅದೇ ದಿನ ಗೊತ್ತಾಗುತ್ತಿತ್ತು. ಇವತ್ತು ನಮ್ಮ ಬೆಟ್ಟದ ಆಚೆ ಮಗ್ಗುಲಲ್ಲಿ ಹತ್ತು ಮರ ಕಡಿದರೂ ನಮಗೆ ತಿಳಿಯೋಕೆ ತಿಂಗಳು ಬೇಕು. ನಾನು ಹಾದಿ ಕೇಳುತ್ತಿರುವ ದೊಡ್ಡ ಕಾರಣ ಇದೇ. ಆರೋಗ್ಯ, ವ್ಯಾಯಾಮ, ಪ್ರವಾಸೋದ್ಯಮ ಎಲ್ಲ ಸರಿ, ಅವೆಲ್ಲ ಆಮೇಲಿನ ಮಾತು.

ಹುಡುಗರು ಅಮೆರಿಕದ ಬೆಲ್ಲಾ ವಿಸ್ಟಾ ಅನ್ನುವ ಊರಿನ ವಿಡಿಯೋ ಹಾಕಿದ್ದರು. ಆರ್ಕನ್ಸಾ ರಾಜ್ಯದ್ದು. ಏಳು ಕೆರೆ, ಸುತ್ತ ಕಾಡು, ಕಾಡಿನ ಮಧ್ಯೆ ಮನೆಗಳು. ಮೊದಲು ನಿವೃತ್ತರು ಹೋಗಿ ನೆಲೆಸುತ್ತಿದ್ದ ಊರು. 2016ರ ಹೊತ್ತಿಗೆ ಅಲ್ಲಿ ಕಾಡಿನೊಳಗೆ ಸೈಕಲ್ ಮತ್ತು ನಡಿಗೆಯ ಹಾದಿ ದೊಡ್ಡ ಪ್ರಮಾಣದಲ್ಲಿ ಶುರು ಮಾಡಿದರು, ಈಗ ನೂರು ಮೈಲಿಗೂ ಜಾಸ್ತಿ ಇದೆ. ರಸ್ತೆ ಅಡ್ಡ ಬಂದಲ್ಲಿ ಅಡಿಯಿಂದ ಸುರಂಗ ಕೊಟ್ಟಿದ್ದಾರೆ, ಮಕ್ಕಳು ಗಾಡಿಗಳ ಎದುರಿಗೇ ಬರುವುದಿಲ್ಲ. ನೋಡಿ ನನಗೂ ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದನ್ನು ಹಾಗೇ ತಂದು ಇಲ್ಲಿ ಇಡೋಕೆ ಆಗಲ್ಲ. ಅಲ್ಲಿ ವರ್ಷಪೂರ್ತಿ ಹಂಚಿಕೊಂಡು ಮಳೆ ಬರುತ್ತದೆ. ನಮ್ಮಲ್ಲಿ ಎರಡು ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಆರಿದ್ರಾ, ಪುನರ್ವಸು ಮಳೆಗೆ ನಿಲ್ಲುವ ಹಾದಿ ಆದರೆ ಮಾತ್ರ ಅದು ನಮ್ಮೂರಿನ ಹಾದಿ.

ಇದಕ್ಕೆ ಪುಸ್ತಕ ಬೇಡ, ನಮ್ಮ ಕೆರೆ ಮೇಲೆ ಹೋಗಿ ನಿಂತರೆ ಸಾಕು. ಅಲ್ಲಿ ಎರಡು ಹಾದಿ ಅಕ್ಕಪಕ್ಕ ಇವೆ. ಒಂದು ದರಕಿನ ಹೊರೆ ಹೊತ್ತು ಇಳಿಯುತ್ತಿದ್ದ ಹೆಂಗಸರ ಹಾದಿ. ಎರಡೂವರೆ ಅಡಿ ಅಗಲ, ಬೆಟ್ಟದ ಮೈಗೆ ಓರೆಯಾಗಿ, ಸ್ವಲ್ಪ ಇಳಿದು, ಮತ್ತೆ ನಾಲ್ಕು ಹೆಜ್ಜೆ ಏರಿ, ಮತ್ತೆ ಇಳಿಯುತ್ತದೆ. ಇಷ್ಟು ವರ್ಷ ಯಾರೂ ಮುಟ್ಟದಿದ್ದರೂ ಕೊರೆದಿಲ್ಲ. ಮೇಲೆ ಎಲೆ ಬಿದ್ದಿದೆ, ಅಷ್ಟೇ. ಇನ್ನೊಂದು ಕೆಲವು ವರ್ಷದ ಹಿಂದೆ ಯಾವುದೋ ಕೆಲಸಕ್ಕೆ ಜೆಸಿಬಿ ಹತ್ತಿಸಿದ ಗುರುತು. ನೇರ ಕೆಳಗೆ. ಈಗ ಅದು ಹಾದಿಯಲ್ಲ, ಹಳ್ಳ. ಒಂದು ಕಡೆ ನನ್ನ ಸೊಂಟದವರೆಗೆ ಕೊರೆದಿದೆ. ತಳದಲ್ಲಿ ಬರೀ ಜಂಬಿಟ್ಟಿಗೆಯ ಹರಳು, ಬದಿಯಲ್ಲಿ ಮತ್ತಿ ಮರದ ಬೇರು ಜೋತು ಬಿದ್ದಿದೆ. ಅಲ್ಲಿಂದ ಹೋದ ಕೆಂಪು ಮಣ್ಣೆಲ್ಲ ಎಲ್ಲಿಗೆ ಹೋಯಿತು? ನಾವೇ ವಂತಿಗೆ ಹಾಕಿ ಹೂಳೆತ್ತಿಸಿದ ಕೆರೆಗೆ. ಮೊದಲ ಮಳೆ ಬಿದ್ದಾಗ ತೂಬಿನ ಹತ್ತಿರ ಹೋಗಿ ನೋಡಿ, ಆ ಮೂಲೆಯ ನೀರು ಮಾತ್ರ ಕೆಂಪಗಿರುತ್ತದೆ.

ನಮ್ಮನೆ ಪಕ್ಕದ ಅಜ್ಜ ತೋಟದ ಬಸಿಗಾಲುವೆ ತೆಗೆಯೋದರಲ್ಲೇ ಜೀವನ ಕಳೆದವರು. ಆ ಹಳೇ ಹಾದಿಯಲ್ಲಿ ಜೊತೆಗೆ ಬಂದಿದ್ದರು. ಒಂದು ತಗ್ಗಿನಲ್ಲಿ ಕೋಲು ಊರಿ ಹೇಳಿದರು, "ಇಲ್ಲಿ ನೀರು ದಾರಿ ಬಿಟ್ಟು ಕೆಳಗೆ ಇಳಿತು ನೋಡು ತಮಾ. ಕಲ್ಲು ಹಾಸವು ಇಲ್ಲಿ." ಅಂದರೆ ನೀರು ದಾಟುವಲ್ಲಿ ಕಲ್ಲು ಹಾಸಬೇಕು ಅಂತ. ಹೊರದೇಶದಲ್ಲಿ ಸೈಕಲ್ ಹಾದಿ ಕಟ್ಟುವವರು ಹೇಳುವುದೂ ಇದನ್ನೇ. ಹಾದಿಯ ಏರು ಸರಾಸರಿ ನೂರಕ್ಕೆ ಹತ್ತು ದಾಟಬಾರದು, ಅಂದರೆ ನೂರು ಅಡಿ ನಡೆದರೆ ಹತ್ತು ಅಡಿಗಿಂತ ಜಾಸ್ತಿ ಮೇಲೆ ಹೋಗಬಾರದು. ಬೆಟ್ಟದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ಹಾದಿಯ ಇಳಿಜಾರು ಕಡಿಮೆ ಇರಬೇಕು, ಇಲ್ಲದಿದ್ದರೆ ನೀರು ಅಡ್ಡ ದಾಟುವ ಬದಲು ಹಾದಿಯನ್ನೇ ಹಿಡಿದು ಓಡುತ್ತದೆ. ಹೊರ ಅಂಚು ಒಂದು ಚೂರು ತಗ್ಗಿರಬೇಕು. ಮಧ್ಯೆ ಮಧ್ಯೆ ಹೀಗೆ ಇಳಿದು ಏರುವ ತಗ್ಗು ಬರಬೇಕು, ನೀರು ಅಲ್ಲಲ್ಲೇ ಹೊರಗೆ ಬೀಳೋಕೆ. ಲೆವೆಲ್ ನೋಡೋಕೆ ದೊಡ್ಡ ಉಪಕರಣ ಬೇಡ. ಮೇಸ್ತ್ರಿಗಳ ಹತ್ತಿರ ಇರುವ ನೀರು ತುಂಬಿದ ಪೈಪು ಸಾಕು, ಇಂಗುಗುಂಡಿ ತೆಗೆಯುವಾಗ ಬಳಸುತ್ತೇವಲ್ಲ, ಅದೇ.

ಯಂತ್ರ ಬೇಡ ಅನ್ನೋದಕ್ಕೆ ಇನ್ನೂ ಒಂದು ಕಾರಣ ಇದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಏನಾಯಿತು ಅಂತ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಹೆದ್ದಾರಿಗೆ ಬುಡ ಕತ್ತರಿಸಿದ ಗುಡ್ಡ ಅದು, ಮಳೆಗೆ ಕುಸಿದು ಬಿತ್ತು. ಜನ ಹೋದರು, ಲಾರಿ ಸಮೇತ ಗಂಗಾವಳಿ ನದಿ ಪಾಲಾದರು. ಕಾಲುಹಾದಿಗೂ ಹೆದ್ದಾರಿಗೂ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೆ "ಎರಡು ಗಂಟೆ ಜೆಸಿಬಿ ಹೊಡೆಸಿದರೆ ಮುಗಿಯಿತು" ಅನ್ನುವ ಮಾತು ಕೇಳಿದಾಗ ನನಗೆ ಹೆದರಿಕೆ ಆಗುತ್ತದೆ. ಎರಡೂವರೆ ಅಡಿ ಹಾದಿಗೆ ಎಂಟು ಅಡಿ ಬಕೆಟ್ ದಾರಿ ಮಾಡಿದರೆ ಉಳಿದ ಐದೂವರೆ ಅಡಿ ಬರೀ ಗಾಯ. ಮೇಲಾಗಿ ಎಂಟು ಅಡಿ ಆದ ದಿನವೇ ಅಲ್ಲಿ ಜೀಪ್ ಬರುತ್ತದೆ.

ಕೆರೆಯ ಸುತ್ತ ಪೇವರ್ಸ್ ಹಾಕಿ, ಸ್ಟೀಲ್ ಕಂಬಿ, ಲೈಟು, ಸೆಲ್ಫಿ ಪಾಯಿಂಟ್ ಮಾಡೋಣ ಎಂಬ ಸಲಹೆಯೂ ಬಂದಿದೆ. ಪೇಟೆ ಮಧ್ಯದ ಕೆರೆಗೆ ಅದು ಸರಿ ಇರಬಹುದು, ಸಂಜೆ ವಯಸ್ಸಾದವರು ನಡೆಯೋಕೆ ಬೇಕಾಗುತ್ತದೆ. ಕಾಡಿನ ಕೆರೆಗೆ ಬೇಡ. ಕೆರೆ ಅಂಚಿನ ಜೌಗು, ಜೊಂಡು, ಕೇದಗೆ ಮೆಳೆ ಇವೆಲ್ಲ ಸುಮ್ನೆ ಬೆಳೆದದ್ದಲ್ಲ, ಮೇಲಿಂದ ಬರುವ ಮಣ್ಣು ತಡೆಯೋದು ಅವೇ. ಹಕ್ಕಿ ಗೂಡು ಕಟ್ಟೋದೂ ಅಲ್ಲೇ. ಹಾದಿ ನೀರಿನಂಚಿನಿಂದ ಸ್ವಲ್ಪ ಮೇಲೆ ಇರಲಿ. ಎರಡು ಮೂರು ಕಡೆ ಮಾತ್ರ ಕೆರೆಗೆ ಇಳಿಯಲಿ, ಅಲ್ಲಿ ಕೂರೋಕೆ ಒಂದು ಕಲ್ಲು ಹಾಕೋಣ. ಲೈಟಂತೂ ಖಂಡಿತ ಬೇಡ.

ಬೆಟ್ಟದ ವಿಷಯಕ್ಕೆ ಬರೋಣ. ತೋಟದವರ ಭಯ ನನಗೆ ಅರ್ಥ ಆಗುತ್ತದೆ, ಯಾಕೆಂದರೆ ನಾನೂ ತೋಟದವನೇ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಅನ್ನುವ ಸವಲತ್ತು ನಮ್ಮ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಿಂದ ಬಂದದ್ದು. ಸೊಪ್ಪು, ದರಕು, ಹುಲ್ಲಿನ ಹಕ್ಕು ನಮ್ಮದು, ನೆಲ ಅರಣ್ಯ ಇಲಾಖೆಯದು. ನಾಳೆ ಅಲ್ಲಿ "ಟ್ರಯಲ್" ಅಂತ ಬೋರ್ಡ್ ಬಿದ್ದರೆ ಬೆಟ್ಟ ಕೈತಪ್ಪಿ ಹೋಗುತ್ತದೆಯಾ ಅಂತ ಹಿರಿಯರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಅದಕ್ಕೇ ನಾನು ಹೇಳೋದು, ಹೊಸ ಹಾದಿ ಕಡಿಯುವ ಮಾತೇ ಬೇಡ, ಇರುವ ಹಾದಿಯ ಕಳೆ ಸವರೋಣ. ಅದನ್ನೂ ಗ್ರಾಮ ಅರಣ್ಯ ಸಮಿತಿ ಸಭೆಯಲ್ಲಿ ಇಟ್ಟು, ಇಲಾಖೆಗೆ ಬರೆದು ಕೊಟ್ಟು, ಒಪ್ಪಿಗೆ ಪಡೆದು ಮಾಡೋಣ. ಯಾರ ಬೆಟ್ಟದ ಮೇಲೆ ಹಾದಿ ಹೋಗುತ್ತದೋ ಆ ಮನೆಯವರು ಬೇಡ ಅಂದರೆ ಸುತ್ತಿ ಹೋಗೋಣ. ದರಕು ಗುಡಿಸುವ ದಿನಗಳಲ್ಲಿ ಸೈಕಲ್ ಆ ಕಡೆ ಬೇಡ. ಹೊರೆ ಹೊತ್ತವರು ಎದುರಿಗೆ ಬಂದರೆ ಸೈಕಲ್ಲಿನವರು ಇಳಿದು ನಿಲ್ಲಬೇಕು, ಇದರಲ್ಲಿ ಚರ್ಚೆ ಇಲ್ಲ.

ಕಾಡುಪ್ರಾಣಿ ಬಗ್ಗೆ ಹುಡುಗರು ಬಹಳ ಹಗುರವಾಗಿ ಮಾತಾಡುತ್ತಾರೆ. ನಡೆಯುವವರ ಸದ್ದು ಕಾಡುಕೋಣಕ್ಕೆ ದೂರದಿಂದಲೇ ಗೊತ್ತಾಗುತ್ತದೆ, ಅದು ಸರಿದು ಹೋಗುತ್ತದೆ. ಸೈಕಲ್ ಹಾಗಲ್ಲ. ಇಳಿಜಾರಿನಲ್ಲಿ ಸದ್ದಿಲ್ಲದೆ ಬಂದು ತಿರುವಿನಲ್ಲಿ ನೇರ ಮೂತಿಗೆ ಹೋಗಿ ನಿಲ್ಲುತ್ತದೆ. ಹಾಗಾಗಿ ತಿರುವುಗಳಲ್ಲಿ ಪೊದೆ ಸವರಿ ಮುಂದೆ ಕಾಣುವ ಹಾಗೆ ಮಾಡಬೇಕು, ಸೈಕಲ್ಲಿಗೆ ಗಂಟೆ ಇರಲೇಬೇಕು, ಬಿಸಿಲು ಬಿದ್ದ ಮೇಲೆ ಹೋಗಿ ಸೂರ್ಯ ಇಳಿಯುವ ಮೊದಲು ವಾಪಸ್ ಬರಬೇಕು. ಸಿಂಗಳೀಕ ಇರುವ ದಟ್ಟ ಕಾಡಿಗೆ ಹಾದಿ ಒಯ್ಯುವುದೇ ಬೇಡ.

ಪ್ರಾಣಿಗಿಂತ ನನಗೆ ಜಾಸ್ತಿ ಹೆದರಿಕೆ ಉಣುಗಿನದು (ಉಣ್ಣೆ ಹುಳು). ಅದು ಕಚ್ಚಿ ಹರಡುವ ಮಂಗನ ಕಾಯಿಲೆ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಕಂಡದ್ದು. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಜನ ತೀರಿಕೊಂಡಿದ್ದಾರೆ. ಡಿಸೆಂಬರ್‌ನಿಂದ ಮೇ ವರೆಗೆ ಅದರ ಕಾಲ, ನಡೆಯೋಕೆ ಹಿತವಾದ ಕಾಲವೂ ಅದೇ. ಇದನ್ನು ಮುಚ್ಚಿಟ್ಟು ಪ್ರವಾಸಿಗರನ್ನು ಕರೆಯೋದು ತಪ್ಪು. ಹಾದಿ ಶುರುವಾಗುವಲ್ಲೇ ದೊಡ್ಡದಾಗಿ ಬರೆಯಬೇಕು. ತುಂಬುತೋಳು, ಉದ್ದ ಪ್ಯಾಂಟು, ಉಣುಗು ಹತ್ತದ ಹಾಗೆ ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ, ಮನೆಗೆ ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಒಗೆಯೋಕೆ ಹಾಕುವುದು. ಸತ್ತ ಮಂಗ ಕಂಡರೆ ಅವತ್ತೇ ಆ ಹಾದಿ ಬಂದ್ ಮಾಡಿ ಆಸ್ಪತ್ರೆಗೆ ತಿಳಿಸಬೇಕು. ಮಳೆಗಾಲದಲ್ಲಿ ಹೇಗೂ ಸೈಕಲ್ ಬಂದ್. ಒದ್ದೆ ಮಣ್ಣಿನಲ್ಲಿ ಟೈರು ಗೀರಿದ ಸಾಲೇ ಮರುದಿನ ಕಾಲುವೆ ಆಗುತ್ತದೆ. ನಡೆಯುವವರು ಬೇಕಾದರೆ ಉಂಬಳದ (ಜಿಗಣೆ) ಜೊತೆ ನಡೆಯಲಿ.

ಹೊರಗಿನಿಂದ ಬರುವವರನ್ನು ನಾನು ದೂರುತ್ತಿಲ್ಲ. "ಸೊಕ್ಕಿದ್ದವ ಯಾಣಕ್ಕೆ ಹೋದ, ರೊಕ್ಕಿದ್ದವ ಗೋಕರ್ಣಕ್ಕೆ ಹೋದ" ಅಂತ ಗಾದೆ ಇರುವ ಸೀಮೆ ನಮ್ಮದು, ನಡೆದು ಬರುವವರಿಗೆ ಇಲ್ಲಿ ಯಾವತ್ತೂ ಮಜ್ಜಿಗೆ ಸಿಕ್ಕಿದೆ. ಆದರೆ ಎಷ್ಟು ಜನ ಅನ್ನುವ ಲೆಕ್ಕ ಮೊದಲೇ ಇರಬೇಕು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿ, ಸರ್ಕಾರ ಚಾರಣವನ್ನೇ ಕೆಲವು ಕಾಲ ನಿಲ್ಲಿಸಬೇಕಾಯಿತು. ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅಂತ ನಿಯಮ ಬಂತು. ನಮ್ಮೂರು ಅಷ್ಟು ದೊಡ್ಡ ಹೆಸರು ಆಗಬೇಕಿಲ್ಲ. ಹೋಮ್‌ಸ್ಟೇಗೆ ಬಂದವರು ಊರಿನ ಒಬ್ಬರನ್ನು ಕರೆದುಕೊಂಡು ಹೋಗಲಿ, ಅವರಿಗೆ ಕೂಲಿ ಕೊಡಲಿ. ಮರದ ಹೆಸರು, ಹಕ್ಕಿ ಹೆಸರು ಗೊತ್ತಿರುವ ಎಷ್ಟೋ ಜನ ಇಲ್ಲಿ ಬರೀ ಅಡಿಕೆ ಕೊನೆ ಕೊಯ್ಲಿನ ಹೊತ್ತಿಗಷ್ಟೇ ನೆನಪಾಗುತ್ತಾರೆ. ಬೈಕ್, ಜೀಪು ಒಂದೂ ಬೇಡ. ಎರಡೂ ತುದಿಯಲ್ಲಿ ದಣಪೆ ಹಾಕೋಣ, ಸೈಕಲ್ ಎತ್ತಿ ದಾಟಿಸಿದರೆ ಆಯಿತು, ಬೈಕ್ ಎತ್ತೋಕೆ ಆಗಲ್ಲ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಹಾದಿ ಬಿಡಿಸೋಕೆ ದುಡ್ಡಿಗಿಂತ ಆಳು ಬೇಕು. ವರ್ಷ ವರ್ಷ ಬೇಕು. ಅದೇ ಅಮೆರಿಕದಲ್ಲಿ ಅಪಲಾಚಿಯನ್ ಟ್ರಯಲ್ ಅಂತ ಸುಮಾರು 3,500 ಕಿಲೋಮೀಟರ್ ಕಾಲುಹಾದಿ ಇದೆ. ಬೆಂಟನ್ ಮೆಕೈ ಎಂಬವರು 1921ರಲ್ಲಿ ಅದರ ಯೋಚನೆ ಮುಂದಿಟ್ಟರು, 1937ರಲ್ಲಿ ತುದಿಯಿಂದ ತುದಿ ಮುಟ್ಟಿತು. ಇವತ್ತಿಗೂ ಅದರ ಕಳೆ ತೆಗೆಯೋದು, ಕಲ್ಲು ಹಾಸೋದು ಹೆಚ್ಚಾಗಿ ಊರೂರಿನ ಕ್ಲಬ್ಬುಗಳ ಜನ, ಕೂಲಿ ಇಲ್ಲದೆ. ನಾವು ಮೂರೋ ನಾಲ್ಕೋ ಕಿಲೋಮೀಟರ್ ಮಾತಾಡುತ್ತಿದ್ದೇವೆ. ಊರಿನ ಮೂವತ್ತು ಮನೆ ಹಂಚಿಕೊಂಡರೆ ಒಂದೊಂದು ಮನೆಗೆ ನೂರು ಚಿಲ್ಲರೆ ಮೀಟರ್. ಫೆಬ್ರವರಿ, ಮಾರ್ಚ್‌ನಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದಾಗ ಸೊಪ್ಪಿನ ಕಟ್ಟು ಹಿಡಿದು ಓಡೋಕೆ ದಾರಿಯೇ ಇಲ್ಲದೆ ಒದ್ದಾಡುತ್ತೇವಲ್ಲ, ಆ ಹೊತ್ತಿಗೂ ಇದೇ ಹಾದಿ ಬೇಕಾಗುತ್ತದೆ.

ನಾನು ಕೇಳುವುದು ಇಷ್ಟು. ಮುಂದಿನ ಗ್ರಾಮಸಭೆಗೆ ಬೇಕು ಅನ್ನುವವರೂ ಬನ್ನಿ, ಬೇಡ ಅನ್ನುವವರೂ ಬನ್ನಿ. ಅದಕ್ಕೂ ಮೊದಲು, ಮಳೆ ಹೊರಪಾಗಿ ಬಿಸಿಲು ಬಂದ ಮೇಲೆ ಒಂದು ಭಾನುವಾರ ಎಲ್ಲರೂ ಸೇರಿ ಕೆರೆ ಏರಿಯಿಂದ ಆ ಹಳೇ ಹಾದಿ ಹಿಡಿದು ಒಮ್ಮೆ ನಡೆಯೋಣ. ಏನನ್ನೂ ಕಡಿಯೋದು ಬೇಡ, ನೀರು ಎಲ್ಲಿ ದಾಟುತ್ತದೆ, ಯಾರ ಬೆಟ್ಟ ಎಲ್ಲಿ ಬರುತ್ತದೆ ಅಂತ ಗುರುತು ಹಾಕಿಕೊಂಡು ಬರೋಣ. ಅಜ್ಜ ಬರುತ್ತೇನೆ ಅಂದಿದ್ದಾರೆ. ಬರುವವರು ಕಾಮೆಂಟಿನಲ್ಲಿ ಹೇಳಿ, ಬೆಳಗಿನ ತಿಂಡಿ ನಮ್ಮನೆಯಲ್ಲಿ.